ಅಪ್ಪ ಅಮ್ಮನಿಗೆ ಸರ್ಕಾರಿ ಆರೋಗ್ಯ ವಿಮೆ ಹುಡುಕಿದ ಆರು ತಿಂಗಳು

2025ರ ಫೆಬ್ರವರಿ 28ರಂದು ನಾನು ಹನ್ನೊಂದು ವರ್ಷ ದುಡಿದಿದ್ದ ಕಂಪನಿಯನ್ನು ಬಿಟ್ಟೆ. ಆ ದಿನ ಸಂಜೆಯ ಹೊತ್ತಿಗೆ ನನ್ನ ತಂದೆ ತಾಯಿಗೆ ಇದ್ದ ಒಂದೇ ಒಂದು ಆರೋಗ್ಯ ವಿಮೆಯೂ ಮುಗಿದುಹೋಯಿತು. ಹಳೆಯ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ನೌಕರರ ತಂದೆ ತಾಯಿಯನ್ನೂ ಸೇರಿಸಿಕೊಳ್ಳುತ್ತಿದ್ದರು. ಹೊಸ ಕಂಪನಿಯಲ್ಲಿ ಆ ಸೌಲಭ್ಯವಿಲ್ಲವೆಂಬುದು ಕೆಲಸ ಒಪ್ಪಿಕೊಳ್ಳುವಾಗಲೇ ನನಗೆ ಗೊತ್ತಿತ್ತು. ಬೇರೆ ಯಾವುದಾದರೂ ಪಾಲಿಸಿ ಮಾಡಿಸಿದರಾಯಿತು ಎಂದು ಸುಮ್ಮನಿದ್ದೆ. ಅಪ್ಪನಿಗೆ ಆಗ 71 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಮ್ಮನಿಗೆ ರಕ್ತದೊತ್ತಡ ಮತ್ತು ಮಂಡಿನೋವು.

ಖಾಸಗಿ ಪಾಲಿಸಿಯ ವಿಚಾರವನ್ನು ಮೊದಲು ಹೇಳಿ ಮುಗಿಸುತ್ತೇನೆ. 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಕೊಡದಿರುವ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ತೆಗೆದುಹಾಕಿದೆ. ಹಾಗಾಗಿ ವಯಸ್ಸಿನ ಕಾರಣಕ್ಕೆ ಯಾರೂ ನಮ್ಮನ್ನು ಹಿಂದಕ್ಕೆ ಕಳಿಸಲಿಲ್ಲ, ಆದರೆ ಇಬ್ಬರಿಗೂ ಸೇರಿ ವರ್ಷಕ್ಕೆ 70,000 ರೂಪಾಯಿಗೆ ಸಮೀಪದ ಪ್ರೀಮಿಯಂ ಹೇಳಿದರು. ಅದಕ್ಕಿಂತ ದೊಡ್ಡ ತೊಡಕೆಂದರೆ ಈಗಾಗಲೇ ಇರುವ ಕಾಯಿಲೆಗಳಿಗೆ ಹಾಕುವ ಕಾಯುವ ಅವಧಿ. ಅದು 36 ತಿಂಗಳವರೆಗೂ ಇರಬಹುದು, ಅಂದರೆ ಅಪ್ಪನ ಸಕ್ಕರೆ ಕಾಯಿಲೆಯಿಂದ ಬರುವ ತೊಂದರೆಗಳಿಗೆ ಅವರಿಗೆ 74 ತುಂಬುವವರೆಗೆ ವಿಮೆ ಇದ್ದೂ ಇಲ್ಲದಂತೆ. ಕೆಲಸ ಬಿಡುವವರು ಗ್ರೂಪ್ ಪಾಲಿಸಿ ಮುಗಿಯುವ ಮುನ್ನವೇ ಅರ್ಜಿ ಹಾಕಿ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಬಹುದೆಂದೂ, ಹಾಗೆ ಮಾಡಿದರೆ ಹಿಂದಿನ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆಂದೂ ನನಗೆ ತಿಳಿದದ್ದು ಮಾರ್ಚ್ ಮೂರನೆಯ ವಾರದಲ್ಲಿ. ಆ ವೇಳೆಗೆ ಅವಕಾಶ ಕೈತಪ್ಪಿತ್ತು. ಕೆಲಸ ಬದಲಿಸುವ ಯೋಚನೆಯಲ್ಲಿರುವ, ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ ಈ ಒಂದು ಮಾತನ್ನು ಈಗ ನಾನು ಮರೆಯದೆ ಹೇಳುತ್ತೇನೆ.

ಸರ್ಕಾರಿ ಯೋಜನೆಗಳ ಕಡೆಗೆ ತಿರುಗಿದಾಗ ಎಲ್ಲರ ಬಾಯಲ್ಲೂ ಇದ್ದ ಹೆಸರು ಆಯುಷ್ಮಾನ್ ವಯ ವಂದನಾ ಕಾರ್ಡ್. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಬಡ ಕುಟುಂಬಗಳಿಗೆ ಮೀಸಲಾಗಿತ್ತು. ಆದಾಯ ಎಷ್ಟೇ ಇರಲಿ, 70 ವರ್ಷ ತುಂಬಿದ ಎಲ್ಲರನ್ನೂ ಅದಕ್ಕೆ ಸೇರಿಸಲು ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್ 11ರಂದು ಒಪ್ಪಿಗೆ ಕೊಟ್ಟಿತು, ಅಕ್ಟೋಬರ್ 29ರಂದು ಪ್ರಧಾನಿಯವರು ಚಾಲನೆ ಕೊಟ್ಟರು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ, ಕಾಯುವ ಅವಧಿ ಇಲ್ಲ, ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ಅನ್ವಯ. ಇಷ್ಟನ್ನು ಓದಿದಾಗ ನನ್ನ ಅರ್ಧ ಚಿಂತೆ ಇಳಿಯಿತು. ಉಳಿದ ವಿವರಗಳನ್ನು ನಿಧಾನವಾಗಿ ಓದಿದ ಮೇಲೆ ಕೆಲವು ಸಂಗತಿಗಳು ಸ್ಪಷ್ಟವಾದವು. ಈ 5 ಲಕ್ಷ ಒಬ್ಬೊಬ್ಬರಿಗೆ ಬೇರೆ ಬೇರೆಯಲ್ಲ. ಒಂದು ಕುಟುಂಬದಲ್ಲಿ 70 ದಾಟಿದವರು ಎಷ್ಟು ಮಂದಿ ಇದ್ದರೂ ಅವರೆಲ್ಲ ಹಂಚಿಕೊಳ್ಳಬೇಕಾದ ಮೊತ್ತ. ಮೊದಲಿನಿಂದಲೇ ಆಯುಷ್ಮಾನ್ ಯೋಜನೆಯಲ್ಲಿರುವ ಕುಟುಂಬದ ಹಿರಿಯರಿಗಾದರೆ ಇದು ಕುಟುಂಬದ ಮೊತ್ತದ ಮೇಲೆ ಹೆಚ್ಚುವರಿಯಾಗಿ ಸಿಗುತ್ತದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದರೆ ಮಾತ್ರ ಖರ್ಚು ಸಿಗುತ್ತದೆ, ಜೊತೆಗೆ ದಾಖಲಾತಿಗೆ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಪರೀಕ್ಷೆ, ಔಷಧಿ ಸೇರುತ್ತವೆ. ಪ್ರತಿ ತಿಂಗಳು ಅಪ್ಪ ಅಮ್ಮನಿಗಾಗಿ ನಾನು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ನಾಲ್ಕು ಸಾವಿರಕ್ಕೂ ಈ ಕಾರ್ಡಿಗೂ ಸಂಬಂಧವಿಲ್ಲ.

ಕಾರ್ಡ್ ಮಾಡಿಸಲು ಆಧಾರ್ ಒಂದೇ ಸಾಕು. ಆದರೆ ಆ ಒಂದೇ ಕಾಗದವೇ ನಮ್ಮನ್ನು ಹೆಚ್ಚು ಅಲೆದಾಡಿಸಿತು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಅವರ ಬೆರಳುಗಳ ಗೆರೆಗಳು ಸವೆದುಹೋಗಿವೆ. ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಯ ಹತ್ತಿರದ ಸೇವಾ ಕೇಂದ್ರದಲ್ಲಿ ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಟ್ಟರೂ ಯಂತ್ರ ಒಪ್ಪಲಿಲ್ಲ. ಪ್ರತಿ ಸಲವೂ ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಇಡುತ್ತಿದ್ದುದನ್ನು ನೋಡಲು ನನಗೆ ಕಷ್ಟವಾಯಿತು. ಒಟಿಪಿ ಮೂಲಕ ಮಾಡೋಣವೆಂದರೆ ಆಧಾರ್‌ಗೆ ಜೋಡಿಸಿದ್ದುದು ಯಾವತ್ತೋ ಬಿಟ್ಟುಬಿಟ್ಟ ಮೊಬೈಲ್ ಸಂಖ್ಯೆ. ಸಂಖ್ಯೆಯನ್ನು ಬದಲಿಸಿ, ಹತ್ತು ದಿನ ಬಿಟ್ಟು, ಒಂದು ಭಾನುವಾರ ಮನೆಯಲ್ಲೇ ಆಯುಷ್ಮಾನ್ ಆ್ಯಪ್ ತೆರೆದು ಕುಳಿತೆವು. 70 ದಾಟಿದವರಿಗಾಗಿ ಇರುವ ಭಾಗಕ್ಕೆ ಹೋಗಿ, ಒಟಿಪಿ ಕೊಟ್ಟು, ಅಪ್ಪನ ಫೋಟೊ ತೆಗೆದು, ಕುಟುಂಬದ ವಿವರ ತುಂಬಿದ ಮೇಲೆ ಸ್ವಲ್ಪ ಹೊತ್ತಿಗೆಲ್ಲ ಕಾರ್ಡ್ ಡೌನ್‌ಲೋಡ್ ಆಯಿತು. ವಿಮೆ ಬಗ್ಗೆ ಓಡಾಡಲು ಹೊರಡುವ ಮೊದಲು ಹಿರಿಯರ ಆಧಾರ್‌ನಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ, ಈ ಎರಡನ್ನು ಸರಿಯಿದೆಯೇ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹುಟ್ಟಿದ ದಿನಾಂಕದ ತೊಡಕು ಅಮ್ಮನದು. ಅವರು ಹುಟ್ಟಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಕಾರ್ತಿಕ ಮಾಸದಲ್ಲಿ ಎಂದಷ್ಟೇ ಮನೆಯವರ ನೆನಪು. ಶಾಲೆಗೆ ಸೇರಿಸುವಾಗ ಮೇಷ್ಟರು, ಆ ಕಾಲದ ಎಷ್ಟೋ ಮಕ್ಕಳಿಗೆ ಬರೆದಂತೆ, ಜೂನ್ 1 ಎಂದು ಬರೆದುಕೊಂಡಿದ್ದರು, ವರ್ಷ 1954. ಆಧಾರ್ ಮಾಡಿಸಿದ ದಿನ ಅಮ್ಮನ ಹತ್ತಿರ ಯಾವ ದಾಖಲೆಯೂ ಇರಲಿಲ್ಲವಾದ್ದರಿಂದ ಅಲ್ಲಿದ್ದವರು ಅಂದಾಜಿನಲ್ಲಿ 1957 ಎಂದು ನಮೂದಿಸಿದರು. ಹೀಗೆ ಎಪ್ಪತ್ತು ತುಂಬಿದ ಅಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅರವತ್ತೇಳರಲ್ಲೇ ಉಳಿದರು. ವಯ ವಂದನಾ ಯೋಜನೆಯು ವಯಸ್ಸಿಗೆ ಆಧಾರ್ ಹೊರತು ಬೇರೆ ಯಾವುದನ್ನೂ ನೋಡುವುದಿಲ್ಲ. ಅಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಾಗಿ ಸೋದರಮಾವನ ಮನೆಯ ಅಟ್ಟವನ್ನು ಎರಡು ಬಾರಿ ಹುಡುಕಿಸಿದೆವು. ಅದು ಸಿಕ್ಕಿದ್ದು ಅಮ್ಮನ ಅದೃಷ್ಟ, ಏಕೆಂದರೆ ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಒಂದು ಬಾರಿ ತಿದ್ದಲು ಅವಕಾಶ, ಅದಕ್ಕೆ ಒಪ್ಪಿತ ದಾಖಲೆ ಬೇಕೇ ಬೇಕು. ಅಮ್ಮನ ವಯಸ್ಸಿನ ಎಷ್ಟು ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರು?

ಅಪ್ಪನ ಕಾರ್ಡ್ ಕೈಗೆ ಬಂದ ಮೇಲೆ ಕೆಲಸ ಮುಗಿಯಿತೆಂದೇ ನಾನು ಭಾವಿಸಿದ್ದೆ. ಏಪ್ರಿಲ್‌ನಲ್ಲಿ ಅಪ್ಪನಿಗೆ ತೊಡೆಸಂದಿಯಲ್ಲಿ ಊತ ಕಾಣಿಸಿತು. ಹರ್ನಿಯಾ ಎಂದರು ವೈದ್ಯರು. ತಕ್ಷಣ ಆಗಬೇಕೆಂದೇನಿಲ್ಲ, ಆದರೆ ಕರುಳು ಅಲ್ಲಿ ಸಿಕ್ಕಿಕೊಂಡರೆ ರಾತ್ರೋರಾತ್ರಿ ಓಡಬೇಕಾಗುತ್ತದೆ, ಅದಕ್ಕೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಹೇಳಿದರು. ಮನೆಗೆ ಹತ್ತಿರವಿರುವ ಖಾಸಗಿ ಆಸ್ಪತ್ರೆಗೆ ಕಾರ್ಡ್ ಹಿಡಿದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, “ಮೇಡಂ, ಎಪ್ಪತ್ತು ದಾಟಿದವರ ಕಾರ್ಡಿಗೆ ನಮಗಿನ್ನೂ ಆದೇಶ ಬಂದಿಲ್ಲ” ಎಂದಳು. ಇನ್ನೊಂದು ಆಸ್ಪತ್ರೆಯಲ್ಲೂ ಇದೇ ಉತ್ತರ ಸಿಕ್ಕಿತು.

ಅಂದು ಮನೆಗೆ ಬಂದು ಯೋಚಿಸುತ್ತ ಕುಳಿತಾಗ, ಇಷ್ಟು ದಿನ ನಾನು ಕೇಳಿಕೊಂಡಿದ್ದ ಪ್ರಶ್ನೆಯೇ ಸರಿಯಿರಲಿಲ್ಲವೆಂದು ಅನ್ನಿಸಿತು. ಯಾವ ಯೋಜನೆಯಲ್ಲಿ ಎಷ್ಟು ಲಕ್ಷ ಎಂದು ನಾನು ನೋಡುತ್ತಿದ್ದೆ. ಆ ಕಾರ್ಡನ್ನು ಯಾವ ಆಸ್ಪತ್ರೆಯ ಯಾವ ಕೌಂಟರಿನಲ್ಲಿ, ಯಾರ ಆದೇಶದ ಮೇಲೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿರಲಿಲ್ಲ. ಕಾರ್ಡ್ ಕೊಡುವುದು ಕೇಂದ್ರದ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಜಾಲತಾಣ. ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಂಡು ಬಿಲ್ ಪಾವತಿಸುವುದು ಆಯಾ ರಾಜ್ಯದ ಸಂಸ್ಥೆ. ಕರ್ನಾಟಕದಲ್ಲಿ ಆ ಕೆಲಸ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಈ ಎರಡು ಕೊಂಡಿಗಳು ಕೂಡಿಕೊಳ್ಳುವವರೆಗೆ ಕೈಯಲ್ಲಿರುವ ಕಾರ್ಡ್ ಆಸ್ಪತ್ರೆಯ ಕೌಂಟರಿನಲ್ಲಿ ನಡೆಯುವುದಿಲ್ಲ. ಇದನ್ನು ಕಾರ್ಡ್ ಕೊಡುವಾಗಲೇ ಹಿರಿಯರಿಗೆ ತಿಳಿಯುವ ಕನ್ನಡದಲ್ಲಿ ಒಂದು ಸಾಲು ಬರೆದು ಹೇಳಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಪ್ಪತ್ತು ದಾಟಿದ ಮನುಷ್ಯನನ್ನು ಬಿಸಿಲಿನಲ್ಲಿ ಎರಡು ಆಸ್ಪತ್ರೆ ಹತ್ತಿಸಿ ಇಳಿಸಿದ ಮೇಲೆ ತಿಳಿಯಬೇಕಾದ ಸಂಗತಿ ಅದಲ್ಲ.

ರಾಜ್ಯದ್ದೇ ಆದ ದಾರಿ ಇನ್ನೊಂದಿತ್ತು. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕವು ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಸೇರಿ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕವಾಯಿತು. ಇದಕ್ಕೆ ವಯಸ್ಸಿನ ಮಿತಿಯಿಲ್ಲ. ನೋಡುವುದು ಪಡಿತರ ಚೀಟಿಯನ್ನು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಉಳಿದವರಿಗೆ ಚಿಕಿತ್ಸೆಯ ಪ್ಯಾಕೇಜ್ ದರದಲ್ಲಿ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರದಲ್ಲಿ, ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಮಿಕ್ಕ 70 ಭಾಗ ನಮ್ಮದು. ಅಪ್ಪನ ಭವಿಷ್ಯನಿಧಿ ಪಿಂಚಣಿ ತಿಂಗಳಿಗೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲವಾದರೂ ಅವರ ಚೀಟಿಯಲ್ಲಿ ಆದಾಯ ತೆರಿಗೆ ಕಟ್ಟುವ ನನ್ನ ಹೆಸರಿರುವುದರಿಂದ ನಮ್ಮದು ಎಪಿಎಲ್. ಶೇಕಡಾ 30 ಎಂದರೆ ಕಡಿಮೆಯೆಂದು ತೋರಬಹುದು. ಆದರೆ ಪ್ಯಾಕೇಜ್ ದರವು ಖಾಸಗಿ ಆಸ್ಪತ್ರೆಯ ಮಾಮೂಲಿ ದರಕ್ಕಿಂತ ಸಾಕಷ್ಟು ಕೆಳಗಿರುತ್ತದೆ, ಆದ್ದರಿಂದ ಲಾಭ ಅಂಕಿ ತೋರಿಸುವುದಕ್ಕಿಂತ ಹೆಚ್ಚು. ಇಲ್ಲಿ ಮುಖ್ಯವಾಗಿ ಗೊತ್ತಿರಬೇಕಾದದ್ದು ರೆಫರಲ್ ಪದ್ಧತಿ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಾಧ್ಯವಾಗದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಪತ್ರ ತೆಗೆದುಕೊಂಡು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ನಾವು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೆ ಹೋಗಿ ವಿಚಾರಿಸಿದೆವು. ಅಲ್ಲಿ ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರು ಬಹಳ ತಾಳ್ಮೆಯಿಂದ ಇದನ್ನೆಲ್ಲ ವಿವರಿಸಿದರು. ಹರ್ನಿಯಾದಂಥ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ, ಹೊರಗೆ ಕಳಿಸುವ ಪ್ರಶ್ನೆಯೇ ಇಲ್ಲ ಎಂದೂ ಅವರೇ ತಿಳಿಸಿಕೊಟ್ಟರು.

ಅಲ್ಲಿಂದ ಹೊರಡುವಾಗ ಅವರು ಅಪ್ಪನನ್ನು ಕೇಳಿದ ಒಂದು ಪ್ರಶ್ನೆ ನಮ್ಮ ಓಡಾಟದ ದಿಕ್ಕನ್ನೇ ಬದಲಿಸಿತು: “ಪೀಣ್ಯದಲ್ಲಿ ಕೆಲಸ ಮಾಡಿದವರು ಅಂತೀರಿ, ನಿಮಗೆ ಇಎಸ್‌ಐ ಇರಲಿಲ್ಲವೇ ಯಜಮಾನ್ರೇ?”

ಇತ್ತು. ಅಪ್ಪನ ಸಂಬಳದಿಂದ ತಿಂಗಳು ತಿಂಗಳೂ ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ, ಕಡಿತವಾಗುತ್ತಿತ್ತು, ನಿವೃತ್ತಿಯ ಹೊತ್ತಿಗೆ ಅದು ಶೇಕಡಾ 1.75ರಷ್ಟಿತ್ತು. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಹೋಗುತ್ತಿದ್ದುದು ಇಎಸ್‌ಐ ಡಿಸ್ಪೆನ್ಸರಿಗೇ. ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದ ಮಾತ್ರೆಗಳು ಈಗಲೂ ಕಣ್ಣ ಮುಂದಿವೆ. 2013ರಲ್ಲಿ ಅಪ್ಪ 60 ತುಂಬಿ ನಿವೃತ್ತರಾದಾಗ ಅದೂ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು, ಕಾರ್ಖಾನೆಯವರೂ ಹಾಗೆಯೇ ಹೇಳಿದ್ದರು. ನಿಜ ಬೇರೆಯೇ ಇದೆ. ಇಎಸ್‌ಐ ಕೇಂದ್ರೀಯ ನಿಯಮಗಳ 61ನೆಯ ನಿಯಮದ ಪ್ರಕಾರ, ಕನಿಷ್ಠ 5 ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದ ಕಾರ್ಮಿಕನು ವರ್ಷಕ್ಕೆ 120 ರೂಪಾಯಿ ಮುಂಗಡವಾಗಿ ಕಟ್ಟಿದರೆ ತನಗೂ ತನ್ನ ಹೆಂಡತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ತಿಂಗಳ ಲೆಕ್ಕದಲ್ಲಿ 10 ರೂಪಾಯಿ. ಹನ್ನೆರಡು ವರ್ಷ ಈ ಹಕ್ಕು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಬಿದ್ದಿತ್ತು. ಆ ಹನ್ನೆರಡು ವರ್ಷಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗೇ ಎಷ್ಟು ಖರ್ಚಾಗಿರಬಹುದೆಂದು ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ.

ಪಡೆದುಕೊಳ್ಳುವುದು ಸುಲಭವಾಗಿತ್ತೆಂದು ಹೇಳಲಾರೆ. ಮೊದಲು ಹೋದ ಶಾಖಾ ಕಚೇರಿಯ ಕಿಟಕಿಯಲ್ಲಿ, ಕೆಲಸ ಬಿಟ್ಟವರಿಗೆ ಇಎಸ್‌ಐ ಇಲ್ಲ ಎಂದು ಒಂದೇ ಮಾತಿನಲ್ಲಿ ಕಳಿಸಿದರು. ಎರಡನೆಯ ಸಲ ನಿಯಮದ ಪ್ರತಿಯನ್ನು ಮುದ್ರಿಸಿಕೊಂಡು ಹೋಗಿ ವ್ಯವಸ್ಥಾಪಕರನ್ನೇ ಕಂಡೆ. ಅವರು ಓದಿ ನೋಡಿ, ಎರಡು ದಾಖಲೆ ತನ್ನಿ ಎಂದರು: ಅಪ್ಪನ ವಿಮಾ ಸಂಖ್ಯೆ, ಮತ್ತು ವಯೋನಿವೃತ್ತಿಯಾದ ಬಗ್ಗೆ ಮಾಲೀಕರ ಪ್ರಮಾಣಪತ್ರ. ವಿಮಾ ಸಂಖ್ಯೆ ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ, ಹಳೆಯ ಸಂಬಳದ ಚೀಟಿಗಳ ನಡುವೆ ಸಿಕ್ಕಿತು. ಕಾರ್ಖಾನೆ ಈಗ ಪೀಣ್ಯದಲ್ಲಿಲ್ಲ, ದಾಬಸ್‌ಪೇಟೆಗೆ ಹೋಗಿದೆ. ಹಳೆಯ ಮಾಲೀಕರು ತೀರಿಕೊಂಡಿದ್ದಾರೆ. ಅವರ ಮಗ ಅಪ್ಪನನ್ನು ನೋಡಿದ ಕೂಡಲೇ ಗುರುತು ಹಿಡಿದು, ಕುರ್ಚಿಯಲ್ಲಿ ಕೂರಿಸಿ, ಹಾಜರಿ ಪುಸ್ತಕ ತೆಗೆಸಿ ಪ್ರಮಾಣಪತ್ರ ಬರೆಸಿಕೊಟ್ಟರು. ಕೆಲಸ ಮಾಡಿದ ಕಾರ್ಖಾನೆಯೇ ಮುಚ್ಚಿಹೋಗಿರುವ ಪೀಣ್ಯದ ನೂರಾರು ಹಿರಿಯರು ಈ ಕಾಗದಕ್ಕೆ ಎಲ್ಲಿಗೆ ಹೋಗಬೇಕೆಂಬುದು ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ನನ್ನನ್ನು ಬಹಳ ಕಾಡಿತು. ನಿವೃತ್ತಿಯ ದಿನವೇ ಹಾರದ ಜೊತೆಗೆ ಈ ಒಂದು ಹಾಳೆಯನ್ನು ಕೈಗಿಟ್ಟು ಕಳಿಸಿದರೆ ಯಾರೂ ಅಲೆಯಬೇಕಾಗಿಲ್ಲ.

ಜೂನ್ ಎರಡನೆಯ ವಾರದಲ್ಲಿ 120 ರೂಪಾಯಿ ಕಟ್ಟಿಸಿಕೊಂಡರು. ಇಎಸ್‌ಐನವರು ಅಮ್ಮನ ವಯಸ್ಸನ್ನು ಕೇಳಲೇ ಇಲ್ಲ. ಹೆಂಡತಿ ಎನ್ನುವುದಕ್ಕೆ ದಾಖಲೆ ಇದ್ದರೆ ಸಾಕಿತ್ತು. ಆಧಾರ್ ತಿದ್ದುಪಡಿಗಾಗಿ ಕಾಯುತ್ತಿದ್ದ ಅಮ್ಮನಿಗೆ ಚಿಕಿತ್ಸೆಯ ಬಾಗಿಲು ಮೊದಲು ತೆರೆದದ್ದು ಅಪ್ಪನ ಹಳೆಯ ದುಡಿಮೆಯ ಮೂಲಕ. ರಾಜ್ಯ ಸರ್ಕಾರ ನಡೆಸುವ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಇಬ್ಬರಿಗೂ ಪರೀಕ್ಷೆ ಮಾಡಿ ಒಂದು ತಿಂಗಳ ಮಾತ್ರೆ ಕೊಟ್ಟರು. ಒಂದೆರಡು ಔಷಧಿಗಳ ಬ್ರ್ಯಾಂಡ್ ಬದಲಾಯಿತು, ಒಂದು ಮಾತ್ರೆ ದಾಸ್ತಾನಿರಲಿಲ್ಲ, ಸಾಲಿನಲ್ಲಿ ಎರಡು ಗಂಟೆ ಕಾಯಬೇಕಾಯಿತು. ಇವೆಲ್ಲ ಇವೆ. ಆದರೂ ಸಕ್ಕರೆ, ರಕ್ತದೊತ್ತಡ ಇರುವ ಹಿರಿಯರಿಗೆ ದಿನನಿತ್ಯ ಬೇಕಾಗುವುದು ಮಾತ್ರೆ ಮತ್ತು ರಕ್ತಪರೀಕ್ಷೆ. ಅಷ್ಟನ್ನು ನೋಡಿಕೊಳ್ಳುವ ವ್ಯವಸ್ಥೆ ಬೇರಾವ ಕಾರ್ಡಿನಲ್ಲೂ ನಮಗೆ ಸಿಕ್ಕಿರಲಿಲ್ಲ.

ಇದೇ ಕಾರಣಕ್ಕೆ, ನಮ್ಮ ಪಕ್ಕದ ಬೀದಿಯ ನಿವೃತ್ತ ಅಂಚೆ ನೌಕರರು ತಾವೂ ವಯ ವಂದನಾ ಕಾರ್ಡ್ ಮಾಡಿಸಬೇಕೆಂದು ನನ್ನ ಹತ್ತಿರ ಬಂದಾಗ ನಾನು ಅವರನ್ನು ತಡೆದೆ. ಅವರು ಕೇಂದ್ರ ಸರ್ಕಾರಿ ಪಿಂಚಣಿದಾರರು, ಕೇಂದ್ರದ ನೌಕರರು ಮತ್ತು ಪಿಂಚಣಿದಾರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಸದಸ್ಯರು. ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್‌ನಂಥ ಯೋಜನೆಗಳಲ್ಲಿರುವವರು ಅದು ಅಥವಾ ಇದು, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಸಿಜಿಎಚ್‌ಎಸ್‌ನಲ್ಲಿ ಹೊರರೋಗಿ ಚಿಕಿತ್ಸೆ, ತಿಂಗಳ ಔಷಧಿ ಎಲ್ಲವೂ ಇವೆ. ಹತ್ತು ವರ್ಷದ ವಂತಿಗೆಯನ್ನು ಒಮ್ಮೆಗೇ ಕಟ್ಟಿದ ಪಿಂಚಣಿದಾರರಿಗೆ ಅದು ಜೀವನಪರ್ಯಂತ ಇರುತ್ತದೆ. ಅದನ್ನು ಬಿಟ್ಟು ಆಸ್ಪತ್ರೆ ದಾಖಲಾತಿಗೆ ಮಾತ್ರ ಇರುವ ಕಾರ್ಡಿಗೆ ಹೋಗುವುದು ಅವರ ಮಟ್ಟಿಗೆ ನಷ್ಟವೇ. ಇಎಸ್‌ಐನಲ್ಲಿರುವವರಿಗೂ ಖಾಸಗಿ ವಿಮೆ ಇರುವವರಿಗೂ ಈ ನಿರ್ಬಂಧವಿಲ್ಲ, ಅವರು ಎರಡನ್ನೂ ಇಟ್ಟುಕೊಳ್ಳಬಹುದು.

ಅಪ್ಪನ ಶಸ್ತ್ರಚಿಕಿತ್ಸೆ ಜುಲೈನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಆಯಿತು. ಡಿಸ್ಪೆನ್ಸರಿಯಿಂದ ರೆಫರಲ್, ರಕ್ತಪರೀಕ್ಷೆ, ಇಸಿಜಿ, ಅರಿವಳಿಕೆ ತಜ್ಞರ ಒಪ್ಪಿಗೆ, ಇವುಗಳಿಗಾಗಿ ಐದು ಬಾರಿ ಹೋಗಿಬಂದೆವು. ಸಕ್ಕರೆ ಹೆಚ್ಚಿದ್ದರಿಂದ ದಿನಾಂಕ ಒಮ್ಮೆ ಮುಂದಕ್ಕೆ ಹೋಯಿತು. ನಾಲ್ಕು ದಿನ ವಾರ್ಡಿನಲ್ಲಿದ್ದರು. ಪಕ್ಕದ ಹಾಸಿಗೆಯಲ್ಲಿದ್ದ ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ವಿಚಾರಕರಿಗೆ ನಿವೃತ್ತಿಗೆ ಇನ್ನು ಎರಡೇ ವರ್ಷ. ಅಪ್ಪ ಅವರನ್ನು ಕೂರಿಸಿಕೊಂಡು 61ನೆಯ ನಿಯಮವನ್ನೂ 120 ರೂಪಾಯಿಯನ್ನೂ ಮಾಲೀಕರ ಪ್ರಮಾಣಪತ್ರವನ್ನೂ ವಿವರಿಸಿ, ಒಂದು ಚೀಟಿಯಲ್ಲಿ ತಾವೇ ಬರೆದುಕೊಟ್ಟರು. ಬಿಡುಗಡೆಯ ದಿನ ನಾವು ಕಟ್ಟಬೇಕಾದ ಹಣ ಏನೂ ಇರಲಿಲ್ಲ.

ಆಗಸ್ಟ್‌ನಲ್ಲಿ ಅಮ್ಮನ ತಿದ್ದಿದ ಆಧಾರ್ ಬಂತು, ಅದರ ಬೆನ್ನಿಗೆ ಅವರ ವಯ ವಂದನಾ ಕಾರ್ಡೂ ಆಯಿತು. ಅಮ್ಮನ ಮಂಡಿಗೆ ಮುಂದೊಂದು ದಿನ ಶಸ್ತ್ರಚಿಕಿತ್ಸೆ ಬೇಕಾದೀತು ಎಂದು ವೈದ್ಯರು ಹೇಳಿದ್ದಾರೆ. ಆ ದಿನ ಬರುವ ಮೊದಲೇ ತಿಳಿದಿರಲೆಂದು, ಯೋಜನೆಯ ಸಹಾಯವಾಣಿ 14555ಕ್ಕೂ ರಾಜ್ಯದ 104ಕ್ಕೂ ಆಗಾಗ ಕರೆ ಮಾಡಿ, ನಮ್ಮ ಭಾಗದ ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡ್ ನಡೆಯುತ್ತದೆಂದು ಕೇಳಿ, ದಿನಾಂಕ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಇಎಸ್‌ಐ ರಸೀದಿಯನ್ನು ಅಪ್ಪ ಅದೇ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದಾರೆ, ಮುಂದಿನ ಕಂತಿನ ತಿಂಗಳನ್ನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.